ಅಂಚಿನಲ್ಲಿ ನಿಂತ ಕೋಲಣ್ಣ

ನಮ್ಮ ಭಾವನನ್ನು ನಾನು ಮೊದಲಿನಿಂದಲೂ ಪೂರ್ತಿ ನಂಬಿದವಳಲ್ಲ. ಯಾವುದಕ್ಕೂ ಸಿಟ್ಟಾಗದ ಗಂಡಸನ್ನು ಹೇಗೆ ನಂಬುವುದು ಹೇಳಿ? ಧಾರಾವಾಹಿಗಳಲ್ಲಿ ನಟರ ತಲೆಯ ಮೇಲೆ ಉದ್ದನೆಯ ಕೋಲಿಗೆ ಮೈಕು ಕಟ್ಟಿ ಹಿಡಿಯುವುದು ಅವರ ಕೆಲಸ. ಆಳೂ ಏಣಿಯಷ್ಟು ಎತ್ತರ. ಬಂಧುಬಳಗಕ್ಕೆಲ್ಲ ಅವರು ಕೋಲಣ್ಣ. ಆ ಕೆಲಸದಲ್ಲಿ ಕೈ ನಡುಗಬಾರದು, ಉಸಿರು ಕೇಳಿಸಬಾರದು, ನೆರಳು ಬೀಳಬಾರದು. ಮನೆಯಲ್ಲೂ ಹಾಗೆಯೇ, ಇದ್ದಾರೋ ಇಲ್ಲವೋ ಗೊತ್ತೇ ಆಗುತ್ತಿರಲಿಲ್ಲ.

ಅವರು ದುಡಿದ ಹಳೆಯ ಧಾರಾವಾಹಿಯೊಂದನ್ನು ಮೊನ್ನೆ ಮತ್ತೆ ಬಿಡುಗಡೆ ಮಾಡಿದರು. ಆಗಿನ ಟಿವಿ ಚೌಕ. ಕ್ಯಾಮೆರಾ ಅಗಲವಾಗಿ ಹಿಡಿದರೂ ಎಡಬಲ ಕತ್ತರಿಸಿಯೇ ತೋರಿಸುತ್ತಿದ್ದರು. ಆ ಕತ್ತರಿಸುವ ಜಾಗದಲ್ಲಿ ಕೆಲಸದವರು ಆರಾಮಾಗಿ ನಿಲ್ಲುತ್ತಿದ್ದರು. ಈಗಿನ ಪುಣ್ಯಾತ್ಮರು ಹಿಂದುಮುಂದು ನೋಡದೆ ಪೂರ್ತಿ ಅಗಲವನ್ನೇ ಬಿಟ್ಟುಬಿಟ್ಟರು. ಅತ್ತೆ ಸೊಸೆಯನ್ನು ಬೈಯುತ್ತಿದ್ದರೆ ಪಕ್ಕದಲ್ಲೇ ನಮ್ಮ ಭಾವ, ಕೋಲು ಹಿಡಿದು, ಬಾಯಿ ಬಿಗಿದು! ಊರೆಲ್ಲ ನಕ್ಕಿತು. ಅಕ್ಕನಿಗೆ ಮಾತ್ರ ಹಿಗ್ಗೋ ಹಿಗ್ಗು.

"ನೋಡೇ, ಹೀರೋಗಿಂತ ಇವರೇ ಲಕ್ಷಣವಾಗಿದಾರೆ," ಅಂದಳು.

ನಾನು ನೋಡುತ್ತಿದ್ದದ್ದೇ ಬೇರೆ. ಸೊಸೆಯ ಪಾತ್ರದವಳು ಎಲ್ಲಿ ನಿಂತರೂ ಭಾವನ ಕಣ್ಣು ಅವಳ ಮೇಲೆಯೇ. ಕೇಳಿದ್ದಕ್ಕೆ, "ಅವಳ ಬಾಯಿ ನೋಡದಿದ್ರೆ ಮೈಕು ಯಾವಾಗ ತಿರುಗಿಸ್ಲಿ?" ಅಂದರು.

"ನಿನಗೆ ಮೊಸರಲ್ಲಿ ಕಲ್ಲು ಹುಡುಕೋ ಚಟ," ಎಂದು ಅಕ್ಕ ನನ್ನನ್ನೇ ಗದರಿದಳು.

ಇರಲಿ. ದಿನಾ ಸಂಜೆ ಅವಳ ಪಕ್ಕ ಕೂತು, ಕಥೆ ಬಿಟ್ಟು, ಅಂಚುಗಳನ್ನೇ ಜಾಲಾಡಿದೆ.

ಮದುವೆಯ ಕಂತು ಬಂತು. ಅದನ್ನು ಒಂದೇ ದಿನದಲ್ಲಿ ಚಿತ್ರಿಸಿ ಮುಗಿಸಿದ್ದರಂತೆ. ಅದೇ ದಿನ ಅಕ್ಕನ ಚೊಚ್ಚಲ ಮಗು ಆಸ್ಪತ್ರೆಯಲ್ಲಿ ಹುಟ್ಟಿ, ಸಂಜೆಯೊಳಗೆ ತೀರಿಕೊಂಡದ್ದು. ಭಾವ ಬಂದದ್ದು ಮಾರನೆಯ ದಿನ. ಮದುವೆ ಸೀನು, ನಿರ್ದೇಶಕ ಬಿಡಲಿಲ್ಲ ಅಂದಿದ್ದರು. ಆ ನಿರ್ದೇಶಕನಿಗೆ ಅಕ್ಕ ಹಾಕಿದ ಶಾಪಕ್ಕೆ ಲೆಕ್ಕವಿಲ್ಲ. ಗಂಡನನ್ನು ಒಂದು ಮಾತೂ ಅಂದವಳಲ್ಲ.

ಪರದೆಯ ಬಲ ಅಂಚಿನಲ್ಲಿ ಕೋಲು ಕಾಣಿಸಿತು. ಹಿಡಿದಿದ್ದವನು ಯಾರೋ ಗಿಡ್ಡ, ಸ್ಟೂಲಿನ ಮೇಲೆ ನಿಂತಿದ್ದ. ಇಡೀ ಮದುವೆಯಲ್ಲಿ ಭಾವ ಎಲ್ಲೂ ಇಲ್ಲ.

ಸಿಕ್ಕಿಬಿದ್ದರು ಮಹಾರಾಯರು ಎಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಖುಷಿಯಾಯಿತು. ತಿರುಗಿ ನೋಡಿದರೆ ಅಕ್ಕನ ಮುಖ ಬಿಳಿಚಿಕೊಂಡಿತ್ತು. ಅವಳೂ ನೋಡಿದ್ದಳು.

ಭಾವ ನಮ್ಮ ಹಿಂದೆಯೇ ಕೂತು ಒಗೆದ ಬಟ್ಟೆ ಮಡಚುತ್ತಿದ್ದರು.

"ಎಲ್ಲಿದ್ರಿ ಅವತ್ತು?" ಅಕ್ಕ ಕೇಳಿದಳು.

ಅವರು ಕೈಯಲ್ಲಿದ್ದ ಸೀರೆಯನ್ನು ಪೂರ್ತಿ ಮಡಚಿಟ್ಟರು. "ಆಸ್ಪತ್ರೆಗೇ ಬಂದಿದ್ದೆ," ಅಂದರು ಆಮೇಲೆ. "ಮಧ್ಯಾಹ್ನಾನೇ. ಮಗು ಉಳಿಯಲ್ಲ ಅಂತ ಡಾಕ್ಟ್ರು ಮೆಟ್ಟಿಲ ಹತ್ರಾನೇ ಹೇಳಿಬಿಟ್ರು. ನಿನ್ನ ಮುಖ ನೋಡೋ ಧೈರ್ಯ ಬರಲಿಲ್ಲ ಕಣೆ. ಬೆಳಗಾಗೋವರೆಗೂ ಕೆಳಗೇ ಕೂತಿದ್ದೆ."

ಅಕ್ಕ ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಅವಳು ಎರಡೂ ಮಾಡಲಿಲ್ಲ.

"ನನ್ನ ತೊಡೆ ಮೇಲೇ ಇತ್ತು," ಅಂದಳು. "ಸಂಜೆವರೆಗೂ ಬೆಚ್ಚಗಿತ್ತು. ಮೇಲೆ ಬಂದಿದ್ರೆ ನೀವೂ ಒಂದ್ಸಲ ಎತ್ಕೋಬಹುದಿತ್ತು."