ಎರಡು ಎಂದೇ ಹೇಳಿದ್ದೆವು

ಟ್ರಿಪ್ಲೆಟ್ಸ್ ಎಂಬ ಮಾತನ್ನು ನನ್ನ ಬಗ್ಗೆ ಮೊದಲು ಕೇಳಿದ್ದು 2020ರ ಫೆಬ್ರವರಿಯಲ್ಲಿ, ಲಾಸ್ ಏಂಜಲೀಸಿನ ಒಂದು ಆಸ್ಪತ್ರೆಯಲ್ಲಿ. ಸ್ಕ್ಯಾನ್ ಮಾಡುತ್ತಿದ್ದ ಹೆಂಗಸು ಪರದೆಯ ಮೇಲೆ ಮೂರು ಕಡೆ ಬೆರಳಿಟ್ಟು ತೋರಿಸಿದಳು. ಆಗ ನಾವು ಪೊಮೊನಾದಲ್ಲಿದ್ದೆವು. ಮನೆಗೆ ಬರುವ ದಾರಿಯುದ್ದಕ್ಕೂ ನಾನೂ ನನ್ನ ಗಂಡನೂ ಹುಚ್ಚರ ಹಾಗೆ ನಕ್ಕೆವು.

ಮೈಸೂರಿನಲ್ಲಿದ್ದ ಅಮ್ಮನಿಗೆ ಫೋನ್ ಮಾಡಿದರೆ ಅವಳು ನಗಲಿಲ್ಲ.

"ಮೂರು ಅಂತ ಯಾರ ಹತ್ರಾನೂ ಬಾಯಿ ಬಿಡಬೇಡ. ಎರಡು ಅಂತ ಹೇಳು, ಸಾಕು. ಜನರ ಕಣ್ಣು ಒಳ್ಳೇದಲ್ಲ," ಅಂದಳು.

ನಾನು ಲ್ಯಾಬಿನಲ್ಲಿ ದುಡಿಯುವವಳು. ದೃಷ್ಟಿ ಗಿಷ್ಟಿ ಎಂದವರನ್ನು ಆಡಿಕೊಂಡು ನಗುತ್ತಿದ್ದವಳು. ಆದರೆ ಹೊಟ್ಟೆಯಲ್ಲಿ ಮೂರು ಜೀವ ಇಟ್ಟುಕೊಂಡಾಗ ಆ ಜಂಬವೆಲ್ಲ ಎಲ್ಲಿ ಹೋಯಿತೋ ಕಾಣೆ. ಅತ್ತೆ ಮಾವನಿಗೆ, ಸ್ನೇಹಿತರಿಗೆ, ಎಲ್ಲರಿಗೂ ಟ್ವಿನ್ಸ್ ಎಂದೇ ಹೇಳಿದೆವು. ಮಾರ್ಚಿನಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡಿತು. ನನ್ನ ಹೊಟ್ಟೆಯನ್ನು ನೋಡುವವರೇ ಇಲ್ಲದ ಮೇಲೆ ಸುಳ್ಳು ಹೇಳುವುದೇನು ಮಹಾ! ಜೂಮ್‌ನಲ್ಲಿ ಸೀಮಂತ ಮಾಡಿದರು. ಉಡುಗೊರೆಗಳು ಎರಡೆರಡು ಬಂದವು. ಮೂರನೆಯ ಕಾರ್ ಸೀಟನ್ನು ನಾವೇ ತಂದುಕೊಂಡೆವು.

ಜುಲೈನಲ್ಲಿ, ದಿನ ತುಂಬುವ ಎಷ್ಟೋ ಮೊದಲೇ, ಮೂವರೂ ಹುಟ್ಟಿದರು. ಮೊದಲು ಹೆಣ್ಣು, ಆಮೇಲೆ ಇನ್ನೊಂದು ಹೆಣ್ಣು, ಕೊನೆಗೆ ಗಂಡು. ಎರಡನೆಯವಳಿಗೆ ಉಸಿರಾಡುವ ಶಕ್ತಿಯೇ ಇರಲಿಲ್ಲ. ಕೊರೋನಾ ಎಂದು ಒಬ್ಬರನ್ನು ಮಾತ್ರ ಒಳಗೆ ಬಿಡುತ್ತಿದ್ದರು. ನಾನು ಒಳಗಿದ್ದರೆ ಗಂಡ ಪಾರ್ಕಿಂಗ್‌ನಲ್ಲಿ, ಅವನು ಒಳಗಿದ್ದರೆ ನಾನು ಕಾರಿನಲ್ಲಿ. ಒಂಬತ್ತನೆಯ ದಿನ ಬೆಳಿಗ್ಗೆ ಅವಳು ಹೋದಳು.

ಉಳಿದ ಇಬ್ಬರು ಇನ್ನು ಟ್ವಿನ್ಸ್ ತಾನೇ ಎಂದು ನರ್ಸನ್ನು ಕೇಳಿದೆ. ಯಾಕೆ ಕೇಳಿದೆನೋ. ಟ್ರಿಪ್ಲೆಟ್ಸ್ ಎಂದರೆ ಮೂವರೂ ಒಟ್ಟಿಗಿದ್ದರೆ ಮಾತ್ರ ಎಂದು ತಿಳಿದಿದ್ದೆನೇನೋ. ಅಲ್ಲ ಎಂದಳು ಆಕೆ, ಮೆಲ್ಲಗೆ. ಹಾಗೆ ಹುಟ್ಟಿದ ಪ್ರತಿಯೊಂದು ಮಗುವೂ ತಾನೊಂದು ಟ್ರಿಪ್ಲೆಟ್, ಎಷ್ಟು ಜನ ಉಳಿದರೂ ಅದು ಬದಲಾಗುವುದಿಲ್ಲ ಎಂದಳು. ಜನನ ಪತ್ರಗಳಲ್ಲೂ ಹಾಗೇ ಬಂತು. ಮಗಳದರಲ್ಲಿ ಟ್ರಿಪ್ಲೆಟ್, ಮೊದಲನೆಯದು. ಮಗನದರಲ್ಲಿ ಟ್ರಿಪ್ಲೆಟ್, ಮೂರನೆಯದು. ಎರಡೂ ಹಾಳೆಗಳನ್ನು ಫೈಲಿನ ತಳಕ್ಕೆ ತುರುಕಿಬಿಟ್ಟೆ.

ಅತ್ತ ಫೋನಿನಲ್ಲಿ ಶುಭಾಶಯಗಳ ಮೇಲೆ ಶುಭಾಶಯ. ಒಟ್ಟಿಗೆ ಎರಡು, ಅದೂ ಒಂದು ಹೆಣ್ಣು ಒಂದು ಗಂಡು, ಎಂಥಾ ಅದೃಷ್ಟ ಎಂದು ಎಲ್ಲರಿಗೂ ಖುಷಿ. ಹೇಳೋಣವೆಂದರೆ ಎಲ್ಲಿಂದ ಶುರು ಮಾಡಲಿ? ಮೊದಲು ನಿಮಗೆ ಸುಳ್ಳು ಹೇಳಿದ್ದೆ ಅನ್ನಬೇಕು, ಮೂರಿತ್ತು ಅನ್ನಬೇಕು, ಆಮೇಲೆ ಒಂದು ಹೋಯಿತು ಅನ್ನಬೇಕು. ಬಾಯಿ ಬರಲಿಲ್ಲ. ನನ್ನ ಮಗಳಿಗಾಗಿ ಯಾರೊಬ್ಬರೂ ಅಯ್ಯೋ ಅನ್ನಲಿಲ್ಲ, ಏಕೆಂದರೆ ಅವಳು ಇದ್ದಳೆಂದೇ ಯಾರಿಗೂ ಗೊತ್ತಿರಲಿಲ್ಲ. ಎರಡು, ಎರಡು ಎಂದು ಐದು ತಿಂಗಳು ಹೇಳಿಕೊಂಡು ಬಂದೆ. ಕೊನೆಗೆ ಎರಡೇ ಆಯಿತು. ಲ್ಯಾಬಿನಲ್ಲಿ ಕಲಿತದ್ದು ಯಾವುದೂ ಈ ಸಂಕಟಕ್ಕೆ ಉಪಯೋಗಕ್ಕೆ ಬರಲಿಲ್ಲ.

ನಮ್ಮಿಬ್ಬರನ್ನು ಬಿಟ್ಟರೆ ಗೊತ್ತಿದ್ದವಳು ಅಮ್ಮ ಒಬ್ಬಳೇ. ಅವಳೋ, ಸದ್ಯ ಯಾರಿಗೂ ಹೇಳಿರಲಿಲ್ಲವಲ್ಲ, ಎಲ್ಲರಿಗೂ ಉತ್ತರ ಕೊಡುವ ಹಿಂಸೆ ತಪ್ಪಿತು ಅಂದುಬಿಟ್ಟಳು. ನಾನು ಫೋನ್ ಇಟ್ಟೆ. ಆಮೇಲೆ ಐದು ವರ್ಷ ಅಡುಗೆ, ಜ್ವರ, ಹಬ್ಬ ಎಲ್ಲದರ ಬಗ್ಗೆ ಮಾತಾಡಿದೆವು, ಅದೊಂದನ್ನು ಬಿಟ್ಟು. ಅವಳ ಮೇಲಿನ ಸಿಟ್ಟು ಮಾತ್ರ ನನ್ನೊಳಗೆ ಕುದಿಯುತ್ತಲೇ ಇತ್ತು.

ಗಂಡನಿಗೆ ಸ್ಯಾನ್ ಡಿಯಾಗೋದ ಟೊರ್ರಿ ಪೈನ್ಸ್‌ನಲ್ಲಿ ಕೆಲಸ ಸಿಕ್ಕಿ ನಾವು ಅದೇ ಊರಿನ ಮೀರಾ ಮೆಸಾಕ್ಕೆ ಬಂದೆವು. ಇಲ್ಲಿಯ ಪಾರ್ಕಿನಲ್ಲಿ, ಇಂಡಿಯನ್ ಅಂಗಡಿಯಲ್ಲಿ, ಎಲ್ಲೆಂದರಲ್ಲಿ ಅದೇ ಪ್ರಶ್ನೆ. ಟ್ವಿನ್ಸಾ? ಹೌದು ಎಂದು ನಗುತ್ತಿದ್ದೆ. ಪ್ರತಿ ಸಲವೂ ಆ ಮಗುವನ್ನು ನಾನೇ ಇನ್ನೊಮ್ಮೆ ಇಲ್ಲವಾಗಿಸಿದ ಹಾಗಾಗುತ್ತಿತ್ತು.

ಹೋದ ವರ್ಷ ಅಮ್ಮನಿಗೆ ಕೊನೆಗೂ ವೀಸಾ ಸಿಕ್ಕಿ ಇಲ್ಲಿಗೆ ಬಂದಳು. ಮಕ್ಕಳನ್ನು ಕಿಂಡರ್‌ಗಾರ್ಟನ್‌ಗೆ ಸೇರಿಸಲು ಎಲ್ಲರೂ ಶಾಲೆಗೆ ಹೋದೆವು. ಆಫೀಸಿನ ಹೆಂಗಸು ಜನನ ಪತ್ರ ನೋಡಿ ಮುಖ ಅರಳಿಸಿ, ಓ, ಟ್ರಿಪ್ಲೆಟ್ಸ್, ಇನ್ನೊಬ್ಬರ ಅರ್ಜಿ ಎಲ್ಲಿ ಎಂದಳು. ಪಾಪ, ಅವಳದೇನು ತಪ್ಪು. ಇಲ್ಲ, ಉಳಿಯಲಿಲ್ಲ ಎಂದೆ. ಅಪರಿಚಿತಳಾದ ಆಕೆ ಕೈ ಚಾಚಿ ನನ್ನ ಕೈ ಹಿಡಿದಳು.

ಕಾರಿನಲ್ಲಿ ಕೂತ ಕೂಡಲೇ ಮಗಳು ಆ ಮಾತಿನ ಅರ್ಥವೇನೆಂದು ಕೇಳಿದಳು, ಎಂದಿನಂತೆ ಇಂಗ್ಲಿಷಿನಲ್ಲಿ. ಇನ್ನು ಮುಚ್ಚಿಡಲು ನನ್ನ ಕೈಲಾಗಲಿಲ್ಲ.

"ನಿಮ್ಮ ಜೊತೆ ಇನ್ನೊಬ್ಬಳು ಹುಟ್ಟಿದ್ದಳು. ಒಂಬತ್ತು ದಿನ ಇದ್ದಳು," ಎಂದೆ.

ಹಾಗಾದರೆ ನಾವು ಟ್ವಿನ್ಸ್ ಅಲ್ಲವಾ ಎಂದ ಮಗ. ಅಲ್ಲ ಎಂದೆ. ಅವಳಿಗೆ ನೋವಾಯಿತಾ ಎಂದು ಮಗಳು ಕೇಳಿದಳು. ಆಗಿರಲಾರದು ಎಂದೆ. ಅದು ಸುಳ್ಳೋ ನಿಜವೋ ನನಗೆ ಇವತ್ತಿಗೂ ತಿಳಿಯದು.

ಮನೆಗೆ ಬಂದು ಮಕ್ಕಳು ಆಟಕ್ಕೆ ಹೋದರು. ಅಡುಗೆಮನೆಯಲ್ಲಿ ಅಮ್ಮ ನನ್ನ ಬೆನ್ನ ಹಿಂದೆ ಬಂದು ನಿಂತಳು.

"ಎರಡು ಅಂತ ಹೇಳು ಅಂದೋಳು ನಾನೇ ಕಣೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ," ಎಂದಳು. ನಾನು ತಿರುಗಿ ನೋಡಿದೆ. ಐದು ವರ್ಷ ನಾನು ಅವಳನ್ನು ಬೈದುಕೊಂಡಷ್ಟೇ ಅವಳೂ ತನ್ನನ್ನು ಬೈದುಕೊಂಡಿದ್ದಳು. ಸಿಟ್ಟು ಎಲ್ಲಿ ಹೋಯಿತೋ, ಅವಳನ್ನು ಹಿಡಿದುಕೊಂಡು ಅತ್ತೆ.

ಅವಳೂ ಅತ್ತಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ಹೆತ್ತವಳನ್ನು ನೋಡಲು ಬಂದವರೆಲ್ಲ ಮೊದಲು ಕೇಳುವ ಪ್ರಶ್ನೆಯನ್ನೇ ಕೇಳಿದಳು.

"ಯಾರ ಥರ ಇದ್ಲೇ ಅವಳು?"

ಐದು ವರ್ಷದಿಂದ ಯಾರಾದರೂ ಅವಳ ಬಗ್ಗೆ ಒಂದು ಮಾತು ಕೇಳಲಿ ಎಂದು ಕಾದಿದ್ದೆ. ಆದರೆ ಅವಳ ಮುಖದ ತುಂಬ ಟೇಪು, ನಳಿಗೆ, ಕಣ್ಣಿನ ಮೇಲೆ ಪಟ್ಟಿ. ಕೊನೆಯಲ್ಲಿ ಅವನ್ನೆಲ್ಲ ತೆಗೆದು ನನ್ನ ಕೈಗೆ ಕೊಟ್ಟಾಗ ಕಣ್ಣೀರಿನಲ್ಲಿ ನನಗೇನೂ ಕಂಡಿರಲಿಲ್ಲ. ಫೋಟೋ ತೆಗೆಯಲೇ ಎಂದು ನರ್ಸ್ ಎರಡು ಸಲ ಕೇಳಿದ್ದಳು. ಬೇಡ ಎಂದಿದ್ದೆ, ಯಾರಾದರೂ ನೋಡಿಬಿಟ್ಟರೆ ಎಂಬ ಹೆದರಿಕೆಗೆ.

"ಗೊತ್ತಿಲ್ಲಮ್ಮ," ಎಂದೆ. "ನಾನು ಸರಿಯಾಗಿ ನೋಡಲೇ ಇಲ್ಲ."