ಹನ್ನೊಂದು ಹೆಜ್ಜೆ ದೂರದ ನಾಯಿ

ಬೆಳಿಗ್ಗೆ ಪೆಟ್ಟಿಗೆ ಖಾಲಿ ಮಾಡುವಾಗ ಎರಡು ವರ್ಷ ಹಿಂದಿನ ಡೈರಿ ಸಿಕ್ಕಿತು. ಜನವರಿಯ ಪುಟಗಳಲ್ಲಿ ತಾರೀಖಿನ ಪಕ್ಕ ಬರೀ ಅಂಕಿಗಳು: ನಲವತ್ತೆರಡು, ನಲವತ್ತು, ಮೂವತ್ತಾರು. ನೀವು ನೋಡಿದರೆ ಯಾರೋ ಕಾಯಿಲೆಯವನ ತೂಕ ಅಂದುಕೊಂಡೀರಿ. ಅವು ಒಂದು ನಾಯಿಗೂ ನನಗೂ ನಡುವೆ ಇದ್ದ ಹೆಜ್ಜೆಗಳು.

ಆಗ ನಾನು ಗಲ್ಫಿನಲ್ಲಿ, ಉಮ್ಮ್ ಸಲಾಲ್ ಎಂಬ ಊರಿನಲ್ಲಿ ಒಂದು ಕಟ್ಟಡದ ಕೆಲಸದ ಟೈಮ್ ಕೀಪರ್. ಕೆಲಸಗಾರರ ಹಾಜರಿ ಬರೆದು ಬರೆದು, ಬಿಡುವಿನಲ್ಲೂ ಕೈ ಸುಮ್ಮನಿರುತ್ತಿರಲಿಲ್ಲ. ಕ್ಯಾಂಪಿನ ಬೇಲಿಯಾಚೆ, ಅಡುಗೆಮನೆಯ ಕಸ ಸುರಿಯುವಲ್ಲಿಗೆ ಮರಳಿನ ಬಣ್ಣದ ಐದು ನಾಯಿಗಳು ಬರುತ್ತಿದ್ದವು. ಹಳೆಯ ಪತ್ರಿಕೆಯೊಂದರಲ್ಲಿ ಓದಿದ್ದೆ: ಸಾವಿರಾರು ವರ್ಷಗಳ ಹಿಂದೆ ಮನುಷ್ಯರು ಬಿಸಾಡಿದ ಮೂಳೆಗೆ ತೋಳಗಳು ಬಂದವಂತೆ. ಅಷ್ಟಾಗಿ ಹೆದರದವು ಹತ್ತಿರ ಸರಿದು, ಹೊಟ್ಟೆ ತುಂಬಿಸಿಕೊಂಡು, ಮರಿ ಹಾಕಿ, ಎಷ್ಟೋ ತಲೆಮಾರಿನ ಮೇಲೆ ನಾಯಿಗಳಾದವಂತೆ. ಅಷ್ಟು ಕಾಯುವ ತಾಳ್ಮೆ ನನಗಿರಲಿಲ್ಲ. ಎರಡು ತಿಂಗಳಲ್ಲಿ ಒಂದನ್ನಾದರೂ ಪಳಗಿಸುವ ಅಂದುಕೊಂಡೆ.

ಕ್ಯಾಂಪಿನ ಅಡುಗೆಯ ಶೇಖರಣ್ಣ ಉಡುಪಿ ಕಡೆಯವರು. ಮೂಳೆ ಕೊಡುವಾಗ, "ಎಂತ ಮಾರಾಯ, ನಾಯಿಗೂ ಹಾಜರಿ ಹಾಕ್ತೀಯಾ? ಓವರ್‌ಟೈಮ್ ಉಂಟಾ ಅದಕ್ಕೆ?" ಎನ್ನುತ್ತಿದ್ದರು. ಒಂದು ದಿನ ಮಾತ್ರ ನಗಲಿಲ್ಲ. "ಅದು ಅಲ್ಲೇ ಇರ್ಲಿ. ಇಲ್ಲಿ ನಮ್ಮನ್ನೇ ಬೇರೆಯವರು ಇಟ್ಕೊಂಡಿದ್ದಾರೆ. ನೀನು ಯಾರನ್ನು ಇಟ್ಕೊಳ್ತಿ?"

ನಾನು ಅವರ ಮಾತು ಕೇಳಲಿಲ್ಲ. ದಿನಾ ಮೂಳೆಯನ್ನು ಸ್ವಲ್ಪ ಹತ್ತಿರಕ್ಕೆ ಎಸೆದೆ. ನಾಲ್ಕು ನಾಯಿಗಳು ದೂರದಲ್ಲೇ ನಿಂತವು. ಕಿವಿ ಹರಿದ ಒಂದು ಹೆಣ್ಣು ನಾಯಿ ಮಾತ್ರ ಬಂತು. ಮಾರ್ಚಿನಲ್ಲಿ ಒಂದು ದಿನ ಹನ್ನೊಂದು ಹೆಜ್ಜೆ. ಅದರ ಕೆಳಗೆ ಕೆಂಪು ಗೆರೆ ಎಳೆದು ಬೀಗಿದ್ದೇನೆ.

ಮುಂದಿನ ವಾರ ಪಕ್ಕದ ಶೆಡ್ಡಿನವನೊಬ್ಬನಿಗೆ ಯಾವುದೋ ನಾಯಿ ಕಚ್ಚಿತು. ಗುರುವಾರ ನಾಯಿ ಹಿಡಿಯುವ ಗಾಡಿ ಬರುತ್ತದೆ ಎಂದ ಫೋರ್‌ಮನ್. ಹಿಡಿದು ಎಂತ ಮಾಡುತ್ತಾರೆ ಎಂದು ಕೇಳಿದೆ. "ಖಲಾಸ್," ಎಂದು ಕೈ ಕೊಡವಿದ.

ಬುಧವಾರ ಮಧ್ಯಾಹ್ನ ನಾಯಿಗಳನ್ನು ಓಡಿಸಲು ಹೋದೆ. ಗದರಿದೆ. ಕಿವಿ ಹರಿದದ್ದು ಬಾಲ ಅಲ್ಲಾಡಿಸಿತು. ಕಲ್ಲು ಎತ್ತಿ ಎಸೆದೆ. ಉಳಿದ ನಾಲ್ಕೂ ಓಡಿದವು. ಅದು ಕಲ್ಲಿನ ಹತ್ತಿರ ಓಡಿ ಬಂದು, ಮೂಸಿ, ನನ್ನ ಮುಖ ನೋಡಿತು. ನನ್ನ ಕೈಯಿಂದ ಬೀಳುವುದೆಲ್ಲ ಊಟ ಎಂದು ಕಲಿಸಿದವನು ನಾನೇ. ಎರಡನೆಯ ಕಲ್ಲು ಪಕ್ಕೆಗೆ ತಾಗಿತು. ಕುಂಯ್‌ಗುಟ್ಟಿ ಹಿಂದೆ ಸರಿದು, ಮತ್ತೆ ಬಂತು. ಒಂಬತ್ತು ಹೆಜ್ಜೆ. ಆಗಲೂ ಎಣಿಸಿದ್ದೆ, ನೋಡಿ.

ಗುರುವಾರ ಗಾಡಿಯ ಸದ್ದಿಗೇ ನಾಲ್ಕು ಕಾಣೆಯಾದವು. ಇಳಿದವನು ಕುಣಿಕೆ ಕಟ್ಟಿದ ಕೋಲನ್ನು ಎತ್ತಿದ. ಎತ್ತಿದ ಕೈ ಕಂಡು ಅದು ತಾನಾಗಿ ಅವನ ಹತ್ತಿರ ನಡೆಯಿತು. ಅಡುಗೆಮನೆಯ ಬಾಗಿಲಲ್ಲಿದ್ದ ಶೇಖರಣ್ಣ, "ಒಳಗೆ ಬಾ, ಚಾ ಕುಡಿ," ಎಂದರು.

ಪತ್ರಿಕೆಯ ಕತೆಯಲ್ಲಿ ಹೆದರದವು ಉಳಿದಿದ್ದವು. ನಮ್ಮ ಬೇಲಿಯಾಚೆ ಹೆದರಿದ ನಾಲ್ಕು ಉಳಿದವು.

ಈಗ ನನ್ನ ಕೆಲಸ ಪೇಟೆಯ ಕಡೆ, ವೆಸ್ಟ್ ಬೇಯಲ್ಲಿ. ಊಟದ ಡಬ್ಬಿ ತೆರೆದರೆ ಪಾರ್ಕಿಂಗಿನ ಬೆಕ್ಕೊಂದು ಕಾರಿನಡಿಯಿಂದ ಇಣುಕುತ್ತದೆ. ನಾನು ನೆಲಕ್ಕೆ ಕಾಲು ಬಡಿಯುತ್ತೇನೆ. "ಪಾಪದ್ದು, ಎಂತಕ್ಕೆ ಹೆದರಿಸ್ತೀರಿ?" ಎಂದು ಜೊತೆಯವರು ಬೈಯುತ್ತಾರೆ. ಅದು ಓಡುವವರೆಗೆ ಬಡಿಯುತ್ತೇನೆ. ಇವತ್ತು ಮಧ್ಯಾಹ್ನ ನನ್ನನ್ನು ಕಂಡ ಕೂಡಲೇ ಓಡಿತು.