ರಕ್ತ ತೆಗೆಯದೆ ಕಳುಹಿಸಿದ ಬೆಳಿಗ್ಗೆ

ನವಿ ಮುಂಬಯಿಯ ಖಾರಘರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ನನ್ನದು. ಎರಡನೇ ಸಲ ಚುಚ್ಚುವ ಪ್ರಸಂಗ ನನ್ನ ಕೈಗೆ ಬರುವುದು ಕಡಿಮೆ.

ಒಂದು ಬೆಳಿಗ್ಗೆ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದು ಕುಳಿತಳು. ವಿಜಯಪುರದ ಕಡೆಯವಳು, ಕಟ್ಟಡದ ಕೆಲಸದವಳು. ಚೀಟಿಯಲ್ಲಿ ಸೀಲಿಯಾಕ್ ಕಾಯಿಲೆಯ ಆಂಟಿಬಾಡಿ ಪರೀಕ್ಷೆ ಎಂದಿತ್ತು. ಗೋಧಿಯಲ್ಲಿರುವ ಗ್ಲುಟೆನ್ ಒಗ್ಗದೆ ಸಣ್ಣ ಕರುಳು ಕೆಟ್ಟವರ ರಕ್ತದಲ್ಲಿ ಕೆಲವು ಆಂಟಿಬಾಡಿಗಳು ಏರಿರುತ್ತವೆ, ಅಳೆಯುವುದು ಅವನ್ನೇ.

ತೋಳಿಗೆ ಪಟ್ಟಿ ಕಟ್ಟುತ್ತ ಕೇಳಿದೆ, "ಚಪಾತಿ, ಪಾವ್ ಎಲ್ಲ ತಿಂತೀರಲ್ಲ?"

"ಎಲ್ಲಿದ್ರಿ ಮೇಡಂ! ಗೋದಿ ಬಿಟ್ಟು ನಾಕ್ ತಿಂಗಳಾತು. ಬರೇ ಜ್ವಾಳದ ರೊಟ್ಟಿ. ಈಗ ಹೊಟ್ಟಿ ಆರಾಮ ಐತಿ."

ಪಟ್ಟಿ ಬಿಚ್ಚಿದೆ. ಗೋಧಿ ಬಿಟ್ಟರೆ ಆಂಟಿಬಾಡಿಗಳು ಇಳಿಯುತ್ತವೆ. ಕಾಯಿಲೆಯಿದ್ದರೂ ವರದಿ ಚೊಕ್ಕವಾಗಿ ಬಂದೀತು.

ಕೌಂಟರಿನವನು ರೇಗಿದ: "ಚಿಟ್ಠಿ ಹೈ ನಾ? ಖೂನ್ ಲೇ ಲೋ, ಲೈನ್ ದೇಖೋ." ಚೀಟಿ ಇದ್ದ ಮೇಲೆ ರಕ್ತ ತೆಗೆದು ಸಾಲು ಸಾಗಿಸು ಎಂಬ ಅವಸರ ಅವನದು.

ನಾನು ಜಗ್ಗಲಿಲ್ಲ. ಚೀಟಿ ಬರೆದ ಡಾಕ್ಟರಿಗೆ ಫೋನು ಮಾಡಿದೆ. ಅವಳು ಗೋಧಿ ಬಿಟ್ಟದ್ದು ಅವರಿಗೆ ಗೊತ್ತಿರಲಿಲ್ಲ. ಆರು ವಾರ ದಿನವೂ ಗೋಧಿ ತಿಂದು, ಆಮೇಲೆ ಬರಲಿ ಎಂದರು. ತೀರಾ ತಡೆಯಲಾಗದಿದ್ದರೆ ತಕ್ಷಣ ತಮ್ಮಲ್ಲಿಗೆ ಬರಬೇಕೆಂದೂ ಹೇಳಿದರು.

ಅವಳು ಸಿಟ್ಟಾದಳು. "ಆರಾಮಾದಾಕಿಗೆ ಮತ್ತ ಬ್ಯಾನಿ ಹಚ್ಚತೀರೇನ್ರಿ?"

"ಈಗ ತೆಗೆದ್ರೆ ಏನೂ ಇಲ್ಲಾಂತ ಬರಬಹುದು. ಮತ್ತೆ ನಿಮ್ಮ ಮಾತು ಯಾರು ನಂಬುದು?"

"ಈಗರೆ ಯಾರ್ ನಂಬ್ಯಾರ್ರಿ? ಕೆಲಸಾ ತಪ್ಪಿಸಾಕ ಹೊಟ್ಟಿ ಹಿಡಕೋತಾಳ ಅಂತಾನ ನಮ್ಮನ್ನ ದುಡಿಸೋ ಮುಕಾದಮ." ಚೀಟಿ ಮಡಚಿಕೊಂಡು ಹೊರಟಳು. ಮತ್ತೆ ಬರುತ್ತಾಳೆಂಬ ಭರವಸೆ ನನಗಿತ್ತು.

ಬಂದಳು. ಆರು ವಾರ ಗೋಧಿ ತಿಂದು ಮುಖ ಇಳಿದಿತ್ತು, ಹೊಟ್ಟೆ ಉಬ್ಬಿತ್ತು. ತೋಳು ಚಾಚಿದಳು. ಅಷ್ಟು ದಿನದ ನೋವಿನಲ್ಲಿ ನನ್ನದೂ ಪಾಲಿದೆ ಅನ್ನಿಸಿತು. ಒಂದೇ ಚುಚ್ಚಿಗೆ ರಕ್ತ ತೆಗೆದೆ. ಆಂಟಿಬಾಡಿ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ಪರೀಕ್ಷಿಸಿದಾಗ ಕಾಯಿಲೆ ಖಚಿತವಾಯಿತು. ವರದಿಯನ್ನು ಅವಳೇ ಮುಕಾದಮನ ಕೈಗೆ ಕೊಟ್ಟು ಓದಿಸಿದಳಂತೆ.

ಗೋಧಿ ಪೂರ್ತಿ ಬಿಟ್ಟು ಆರು ತಿಂಗಳಾದ ಮೇಲೆ ಮರುಪರೀಕ್ಷೆಗೆ ಬಂದಳು. ಕೆನ್ನೆ ತುಂಬಿತ್ತು. ಆದರೆ ಆಂಟಿಬಾಡಿ ನಿರೀಕ್ಷಿಸಿದಷ್ಟು ಇಳಿದಿರಲಿಲ್ಲ. ವರದಿ ಒಯ್ಯಲು ಬಂದಾಗ ಜೋಳ ಎಲ್ಲಿ ಬೀಸಿಸುತ್ತೀರಿ ಎಂದು ಕೇಳಿದೆ. ಗೋಧಿ ಬೀಸುವ ಗಿರಣಿಯಲ್ಲೇ ಎಂದಳು. ಅಲ್ಲಿ ಉಳಿದ ಗೋಧಿ ಹಿಟ್ಟು ಜೋಳದ ಹಿಟ್ಟಿಗೂ ಸೇರುತ್ತದೆ ಎಂದೆ.

"ಅಯ್ಯ, ಅದೂ ಬಿಡಬೇಕೇನ್ರಿ?" ಎಂದು ನಕ್ಕಳು. ಮುಂದಿನ ವಾರ ಊರಿಂದ ಬರುವ ಅಕ್ಕನಿಗೆ, ಬೀಸುಕಲ್ಲು ತಾ ಎಂದು ಅಲ್ಲೇ ನಿಂತು ಫೋನು ಮಾಡಿದಳು.